ವಾಲೆನ್‌ಸ್ಟೈನ್: ಅನಾಥ ಹುಡುಗನಿಗೆ ಚಕ್ರವರ್ತಿಗೇ ಸಾಲ ಕೊಡುವಷ್ಟು ದುಡ್ಡು ಬಂದದ್ದೆಲ್ಲಿಂದ?

ಅಡಿಕೆಮರ:
ಮೂವತ್ತು ವರ್ಷಗಳ ಯುದ್ಧದ (1618–48) ಬಗ್ಗೆ ಏನೇ ಓದಿದರೂ ಆಲ್ಬ್ರೆಖ್ಟ್ ವಾಲೆನ್‌ಸ್ಟೈನ್ ಹತ್ತಿರ ಬಂದಾಗ ಲೆಕ್ಕ ತಪ್ಪುತ್ತದೆ. ಹುಟ್ಟಿದ್ದು 1583ರ ಸೆಪ್ಟೆಂಬರ್ 14, ಬೊಹೀಮಿಯಾದ (ಈಗಿನ ಚೆಕ್ ದೇಶದ ಭಾಗ) ಹೆರ್ಜ್ಮಾನಿತ್ಸೆ ಎಂಬ ಸಣ್ಣ ಜಹಗೀರಿನಲ್ಲಿ. ಹನ್ನೆರಡು ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಇಲ್ಲ. ನಲವತ್ತು ದಾಟುವಷ್ಟರಲ್ಲಿ ಫ್ರೀಡ್ಲಾಂಟ್‌ನ ಡ್ಯೂಕ್, ಪವಿತ್ರ ರೋಮನ್ ಸಾಮ್ರಾಜ್ಯದ ಸೇನಾಪತಿ, ಚಕ್ರವರ್ತಿ ಎರಡನೇ ಫರ್ಡಿನಾಂಡ್‌ಗೆ ಸಾಲ ಕೊಟ್ಟವನು. ಚಕ್ರವರ್ತಿಯ ಸೈನ್ಯ ಬೊಹೀಮಿಯಾದ ಬಂಡಾಯಗಾರರನ್ನು ಸೋಲಿಸಿದ ಬಿಳಿಬೆಟ್ಟದ ಯುದ್ಧದಲ್ಲಿ (1620) ಗೆದ್ದದ್ದರಿಂದ ಇದೆಲ್ಲ ಬಂತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅಷ್ಟೇನಾ? ತಿಳಿದವರು ಬಿಡಿಸಿ ಹೇಳಿ.

ತಿಥಿವಾರ:
ಮೊದಲು ತಾರೀಖು. ಸೆಪ್ಟೆಂಬರ್ 14 ಹಳೇ ಜೂಲಿಯನ್ ಪಂಚಾಂಗದ ಲೆಕ್ಕ. ಹೊಸ ಲೆಕ್ಕದಲ್ಲಿ 24. ಬೊಹೀಮಿಯಾ ಹೊಸ ಪಂಚಾಂಗಕ್ಕೆ ಬಂದದ್ದು 1584ರ ಜನವರಿಯಲ್ಲಿ, ಇವನು ಹುಟ್ಟಿದ ಕೆಲವೇ ತಿಂಗಳ ಮೇಲೆ. ಆಮೇಲೂ ಪ್ರಾಟೆಸ್ಟೆಂಟ್ ನಾಡುಗಳು ಹಳೆಯದನ್ನೇ ಹಿಡಿದುಕೊಂಡಿದ್ದವು. ಅದಕ್ಕೇ ಇವನು ಸ್ವೀಡನ್ನಿನವರ ಮೇಲೆ ಕಾದಿದ ಲ್ಯೂಟ್ಸೆನ್ ಯುದ್ಧ ಸ್ವೀಡನ್ನಿನವರಿಗೆ 1632ರ ನವೆಂಬರ್ 6, ವಿಯೆನ್ನಾದವರಿಗೆ 16. ಈ ಚರ್ಚೆಯಲ್ಲಿ ಎಲ್ಲರೂ ಹೊಸ ಲೆಕ್ಕವನ್ನೇ ಬರೆದರೆ ಜಗಳ ಕಮ್ಮಿ.

ವಂಶಾವಳಿ:
ಬಿಳಿಬೆಟ್ಟದ ವಿಷಯ: 1620ರ ನವೆಂಬರ್ 8ರಂದು ಅವನ ಕವಚಧಾರಿ ಸವಾರರ ರೆಜಿಮೆಂಟ್ ಅಲ್ಲಿತ್ತು, ಅವನಿರಲಿಲ್ಲ. ದುಡ್ಡಿನ ಬೇರು ಹುಡುಕುವವರು ರಣರಂಗ ಬಿಟ್ಟು ನೆಂಟಸ್ತಿಕೆ ಕಡೆ ನೋಡಬೇಕು.

ತಂದೆ ವಿಲೆಮ್, ವಾಲ್ಡ್‌ಶ್ಟೈನ್ ಎಂಬ ದೊಡ್ಡ ಮನೆತನದ ಬಡ ಕವಲು. ತಾಯಿ ಮಾರ್ಕೇಟಾ, ಸ್ಮಿರ್ಝಿತ್ಸ್ಕಿ ಮನೆತನದ ಹೆಣ್ಣುಮಗಳು. ಈ ತಾಯಿಯ ತವರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ತಾಯಿ 1593ರಲ್ಲಿ, ತಂದೆ 1595ರಲ್ಲಿ ತೀರಿಕೊಂಡರು. ಹುಡುಗನನ್ನು ಸಾಕಿದವನು ಕೊಶುಂಬೆರ್ಕ್ ಕೋಟೆಯ ಬಂಧು ಯಿಂಡ್ರ್ಝಿಖ್ ಸ್ಲಾವಾಟಾ. ಅದು ಪ್ರಾಟೆಸ್ಟೆಂಟ್ ಮನೆ. 1599ರಲ್ಲಿ ಆಲ್ಟ್‌ಡಾರ್ಫ್ ವಿದ್ಯಾಪೀಠ ಸೇರಿ, ಹೊಡೆದಾಟದ ಗಲಾಟೆಗಳಿಂದಾಗಿ ಮರುವರ್ಷವೇ ಬಿಟ್ಟ. ಇಟಲಿ ಸುತ್ತಿ ಬಂದು 1604ರಲ್ಲಿ ಹಂಗೇರಿಯ ರಣರಂಗದಲ್ಲಿ ಸೈನಿಕನಾದ. ಅದೇ ವರ್ಷ ಅವನ ಅಕ್ಕತಂಗಿಯರಲ್ಲಿ ಒಬ್ಬಳಾದ ಕಟೆರ್ಝಿನಾ ಆನ್ನಾಳನ್ನು ಬೊಹೀಮಿಯಾದ ಪಕ್ಕದ ಮೊರಾವಿಯಾದ ಪ್ರಭಾವಿ ಪ್ರಾಟೆಸ್ಟೆಂಟ್ ಧುರೀಣ ಕಾರೆಲ್ ಝೆರೋಟೀನ್ ಮದುವೆಯಾದ. ಅವಳು ಮರುವರ್ಷವೇ ತೀರಿಕೊಂಡರೂ ಝೆರೋಟೀನ್ ಮಾತ್ರ ಈ ಭಾವಮೈದುನನನ್ನು ಕೈಬಿಡಲಿಲ್ಲ, ಆಸ್ಥಾನಕ್ಕೆ ಶಿಫಾರಸು ಮಾಡಿದ.

1606ರಲ್ಲಿ ಆಲ್ಬ್ರೆಖ್ಟ್ ಕ್ಯಾಥೊಲಿಕ್ ಆದ. 1609ರಲ್ಲಿ ಲುಕ್ರೇಟ್ಸಿಯಾ ಎಂಬ ವಿಧವೆಯನ್ನು ಮದುವೆಯಾದ. ಮೊರಾವಿಯಾದ ವ್ಸೆಟೀನ್, ಲುಕೊವ್ ಮುಂತಾದ ಜಹಗೀರುಗಳು ಅವಳವು. 1614ರಲ್ಲಿ ಮಕ್ಕಳಿಲ್ಲದೆ ಅವಳು ಸತ್ತಾಗ ಎಲ್ಲವೂ ಅವನ ಕೈಗೆ ಬಂತು. ಮೊದಲ ಬಂಡವಾಳ ಇದು. ಇದೇ ಹಣದಿಂದ 1617ರಲ್ಲಿ ವೆನಿಸ್ ವಿರುದ್ಧ ಗ್ರಾಡಿಸ್ಕಾ ಯುದ್ಧಕ್ಕೆ ಸ್ವಂತ ಖರ್ಚಿನಲ್ಲಿ ಸುಮಾರು 200 ಸವಾರರನ್ನು ಕರೆದೊಯ್ದ. ಆಗಿನ್ನೂ ಆರ್ಚ್‌ಡ್ಯೂಕ್ ಆಗಿದ್ದ ಫರ್ಡಿನಾಂಡ್‌ನ ಕಣ್ಣಿಗೆ ಬಿದ್ದದ್ದು ಅಲ್ಲಿ.

ಮದ್ದುಗುಂಡು:
1619ರ ಒಲೊಮೌಟ್ಸ್ ಪ್ರಸಂಗ ಬಿಟ್ರಲ್ಲ ಮೇಡಂ. ಮೊರಾವಿಯಾದ ಸಂಸ್ಥಾನಿಕರ ಸಂಬಳ ತಗೊಂಡು ಅವರದೇ ರೆಜಿಮೆಂಟಿನ ಕರ್ನಲ್ ಆಗಿದ್ದವನು. ಸಂಸ್ಥಾನಿಕರು ಬಂಡಾಯದ ಕಡೆ ವಾಲಿದಾಗ ರೆಜಿಮೆಂಟನ್ನೇ ಚಕ್ರವರ್ತಿ ಕಡೆಗೆ ಹೊಡ್ಕೊಂಡು ಹೋಗೋಕೆ ನೋಡಿದ. ಕೈಕೆಳಗಿನ ಮೇಜರ್ ಎದುರು ಮಾತಾಡಿದ್ದಕ್ಕೆ ಅಲ್ಲೇ ಕತ್ತಿಯಿಂದ ತಿವಿದು ಕೊಂದ. ಆಮೇಲೆ ಒಲೊಮೌಟ್ಸ್ ಖಜಾನೆ ಒಡೆಸಿ 96,000 ಥಾಲರ್ ಬೆಳ್ಳಿ ನಾಣ್ಯ ಗಾಡಿಗೆ ತುಂಬಿಸಿ ವಿಯೆನ್ನಾಕ್ಕೆ ಹೊರಟ. ದಾರೀಲಿ ಸೈನಿಕರು ಹೆಚ್ಚಿನವರು ವಾಪಸ್ ಓಡಿಹೋದರು. ತಮಾಷೆ ಏನಂದ್ರೆ ಫರ್ಡಿನಾಂಡ್ ಆ ದುಡ್ಡನ್ನ ಮೊರಾವಿಯಾದವರಿಗೇ ಹಿಂದಿರುಗಿಸಿದ. ಇವನಿಗೆ ಆದ ಲಾಭ ಬರೀ ನಂಬಿಕೆ. ನಷ್ಟ ಮೊರಾವಿಯಾದ ಅಷ್ಟೂ ಆಸ್ತಿ. ಬಂಡಾಯಗಾರರು ಅದನ್ನ ಮುಟ್ಟುಗೋಲು ಹಾಕ್ಕೊಂಡರು.

ಚಲಾವಣೆ:
ಇನ್ನು ನಾಣ್ಯ. ನಿಜವಾದ ಗುಟ್ಟು ಇಲ್ಲಿದೆ, ಆದರೆ ಜನ ಹೇಳುವ ಹಾಗಿಲ್ಲ.

ಬಿಳಿಬೆಟ್ಟದ ನಂತರ ಸೋತವರ ಜಹಗೀರುಗಳು ಮುಟ್ಟುಗೋಲಾದವು. 1621ರ ಜೂನ್ 21ರಂದು ಪ್ರಾಗ್‌ನ ಹಳೇ ಪೇಟೆ ಚೌಕದಲ್ಲಿ 27 ಮಂದಿ ಮುಖಂಡರನ್ನು ಕೊಂದರು. ಖಜಾನೆ ಖಾಲಿ, ಸೈನ್ಯಕ್ಕೆ ಸಂಬಳ ಬಾಕಿ. 1622ರ ಜನವರಿಯಲ್ಲಿ ಚಕ್ರವರ್ತಿ ಬೊಹೀಮಿಯಾ, ಮೊರಾವಿಯಾ, ಕೆಳ ಆಸ್ಟ್ರಿಯಾಗಳ ಟಂಕಸಾಲೆಗಳನ್ನು ಒಂದು ಕೂಟಕ್ಕೆ ಒಂದು ವರ್ಷದ ಗುತ್ತಿಗೆ ಕೊಟ್ಟ. ಗುತ್ತಿಗೆ ಹಣ 60 ಲಕ್ಷ ಗುಲ್ಡೆನ್. ಕೂಟದಲ್ಲಿ ರಾಜ್ಯಪಾಲ ಲೀಖ್ಟೆನ್‌ಸ್ಟೈನ್, ಸಾಹುಕಾರ ಹಾನ್ಸ್ ಡಿ ವಿಟ್ಟೆ, ಪ್ರಾಗ್‌ನ ಯಹೂದಿ ಸಮುದಾಯದ ಯಾಕೋಬ್ ಬಾಸೆವಿ, ಅಧಿಕಾರಿ ಮಿಖ್ನಾ, ಮತ್ತೆ ಇವನು.

ಕೈಚಳಕ ಸರಳ. ಹಿಂದೆ ಒಂದು ಮಾರ್ಕ್ ಬೆಳ್ಳಿಯಿಂದ, ಅಂದರೆ ಕಾಲು ಕಿಲೋದಷ್ಟರಿಂದ, ಸುಮಾರು 19 ಗುಲ್ಡೆನ್ ಅಚ್ಚಾಗುತ್ತಿತ್ತು. ಗುತ್ತಿಗೆಯಲ್ಲಿ ಅದು 79 ಆಯಿತು. ಬೆಳ್ಳಿಗೆ ತಾಮ್ರ ಬೆರೆಸಿ ಅದೇ ಮುಖಬೆಲೆ ಒತ್ತುವುದು. ಜನ ಇದನ್ನು 'ಉದ್ದ ನಾಣ್ಯ' ಎಂದರು. ಒಳ್ಳೇ ಹಳೇ ನಾಣ್ಯ ಪೆಟ್ಟಿಗೆ ಸೇರಿತು, ರೈತ ಧಾನ್ಯ ಮಾರಲು ಒಪ್ಪದಾದ. 1623ರ ಡಿಸೆಂಬರಿನಲ್ಲಿ ಸರ್ಕಾರವೇ ಆ ನಾಣ್ಯದ ಬೆಲೆಯನ್ನು ಹತ್ತರಲ್ಲಿ ಸುಮಾರು ಒಂಬತ್ತು ಪಾಲಿನಷ್ಟು ಕಡಿದುಹಾಕಿತು.

ಈಗ ಗಮನಿಸಿ. ಕೂಟಕ್ಕೆ ಬೆಳ್ಳಿ ಪೂರೈಸಿದ್ದು ಹೆಚ್ಚಾಗಿ ಡಿ ವಿಟ್ಟೆ ಮತ್ತು ಬಾಸೆವಿ. ವಾಲೆನ್‌ಸ್ಟೈನ್‌ನ ಬೆಳ್ಳಿ ಪಾಲು ಅವರೆದುರು ಚಿಕ್ಕದು. ಅವನ ಲಾಭ ಟಂಕಸಾಲೆಯಲ್ಲಿ ಆದದ್ದಲ್ಲ, ಹರಾಜಿನಲ್ಲಿ ಆದದ್ದು. ಮುಟ್ಟುಗೋಲಾದ ಭೂಮಿಗೆ ಹಳೇ ಕಾಲದ ದರ ಕಟ್ಟಿದ್ದರು, ಅವನು ತೆತ್ತದ್ದು ಹೊಸ ಹಗುರ ನಾಣ್ಯದಲ್ಲಿ. ನಾಣ್ಯ ಬಿದ್ದುಹೋಯಿತು, ಭೂಮಿ ಉಳಿಯಿತು.

ಅಡಿಕೆಮರ:
ಚಲಾವಣೆ ಸರ್, ಹಾಗಾದರೆ ಕೊಳ್ಳುವ ಹಕ್ಕು ಬೇರೆಯವರಿಗೆ ಇರಲಿಲ್ಲವೇ? ಇವನೇ ಯಾಕೆ ಅಷ್ಟು ಬಾಚಿಕೊಂಡ?

ವಂಶಾವಳಿ:
ಅದಕ್ಕೇ ತಾಯಿಯ ತವರನ್ನು ನೆನಪಿಟ್ಟುಕೊಳ್ಳಿ ಅಂದದ್ದು.

ಸ್ಮಿರ್ಝಿತ್ಸ್ಕಿಗಳು ಬೊಹೀಮಿಯಾದ ಅತಿ ಶ್ರೀಮಂತರ ಸಾಲಿನವರು. ಆಸ್ತಿ ನೋಡಿಕೊಳ್ಳುತ್ತಿದ್ದ ಆಲ್ಬ್ರೆಖ್ಟ್ ಯಾನ್ 1618ರ ನವೆಂಬರಿನಲ್ಲಿ ತೀರಿಕೊಂಡ. ಉಳಿದ ಗಂಡು ಯಿಂಡ್ರ್ಝಿಖ್ ಯಿರ್ಝಿ ಬುದ್ಧಿಮಾಂದ್ಯ. ಇಬ್ಬರು ಅಕ್ಕತಂಗಿಯರು ಆಸ್ತಿಗೆ ಕಿತ್ತಾಡಿದರು. ಒಬ್ಬಳು ಯಿಚೀನ್ ಕೋಟೆ ಹಿಡಿದು ಕೂತಳು, 1620ರ ಫೆಬ್ರವರಿ 1ರಂದು ಅಲ್ಲಿ ಮದ್ದಿನ ಸ್ಫೋಟವಾಗಿ ಸತ್ತಳು. ಇನ್ನೊಬ್ಬಳು ಬಿಳಿಬೆಟ್ಟದ ಸೋಲಿನ ನಂತರ ದೇಶ ಬಿಟ್ಟಳು. ಹೀಗೆ ಬುದ್ಧಿಮಾಂದ್ಯ ವಾರಸುದಾರನ ಪಾಲಕತ್ವ ತಾಯಿಯ ಕಡೆಯ ಕ್ಯಾಥೊಲಿಕ್ ಬಂಧು ವಾಲೆನ್‌ಸ್ಟೈನ್‌ಗೆ ಬಂತು. ಮುಂದೆ ಅವನ ರಾಜಧಾನಿಯಾದ ಯಿಚೀನ್ ಸಿಕ್ಕಿದ್ದು ಈ ದಾರಿಯಲ್ಲಿ. ಫ್ರೀಡ್ಲಾಂಟ್ ಮತ್ತು ಲಿಬೆರೆಟ್ಸ್ ಬಂದದ್ದು ಚಕ್ರವರ್ತಿಗೆ ಕೊಟ್ಟ ಸಾಲದ ಅಡಮಾನವಾಗಿ, ಆಮೇಲೆ ಕ್ರಯವಾಗಿ.

1623ರ ಜೂನ್‌ನಲ್ಲಿ ಎರಡನೇ ಮದುವೆ. ಹುಡುಗಿ ಇಸಾಬೆಲ್ಲಾ ಕ್ಯಾಥರೀನಾ, ಚಕ್ರವರ್ತಿಯ ಆಪ್ತ ಸಲಹೆಗಾರ ಕಾರ್ಲ್ ಹರಾಖ್‌ನ ಮಗಳು. ಇಸಾಬೆಲ್ಲಾಳ ತಂಗಿ ಮ್ಯಾಕ್ಸಿಮಿಲಿಯಾನಾಳ ಗಂಡ ಆಡಮ್ ಎರ್ಡ್‌ಮಾನ್ ಟ್ರ್ಚ್ಕಾ. ಟ್ರ್ಚ್ಕಾನ ಸೋದರಿಯ ಗಂಡ ವಿಲೆಮ್ ಕಿನ್ಸ್ಕಿ. ಇನ್ನೊಬ್ಬ ಹರಾಖ್ ಮಗಳು ವಾಲೆನ್‌ಸ್ಟೈನ್‌ನ ದಾಯಾದಿ ಮ್ಯಾಕ್ಸಿಮಿಲಿಯನ್‌ನ ಹೆಂಡತಿ. ಈ ಷಡ್ಡಕರ ಜಾಲ ಕೊನೆಯ ರಾತ್ರಿಯವರೆಗೂ ಬರುತ್ತದೆ.

ಮದ್ದುಗುಂಡು:
ಸರಿ, ಈಗ ಸೈನ್ಯ. 1625ರಲ್ಲಿ ಡೆನ್ಮಾರ್ಕ್ ರಾಜ ಮೇಲೆ ಬಿದ್ದಾಗ ಇವನು "ಸೈನ್ಯ ನಾನೇ ಕಟ್ಟಿಕೊಡ್ತೀನಿ" ಅಂತ ಮುಂದೆ ಬಂದ. ಹೇಗೆ ಕಟ್ಟಿದ ಅಂತ ಹಂತ ಹಂತವಾಗಿ ನೋಡಿ.

ಸೇನಾಪತಿ ಕರ್ನಲ್‌ಗೆ ಸನದು ಕೊಡ್ತಾನೆ: ಇಷ್ಟು ಕಂಪನಿ, ಇಷ್ಟು ತಲೆ. ಕಾಲಾಳು ರೆಜಿಮೆಂಟ್ ಅಂದ್ರೆ ಕಾಗದದ ಮೇಲೆ 300 ಜನರ 10 ಕಂಪನಿ. ಕರ್ನಲ್ ಸ್ವಂತ ಕೈಯಿಂದ, ಕ್ಯಾಪ್ಟನ್‌ಗಳ ಕೈಯಿಂದಲೂ ಹಾಕಿಸಿ, ಭರ್ತಿ ಮುಂಗಡ ಕೊಟ್ಟು ಜನ ಸೇರಿಸ್ತಾನೆ. ಗೊತ್ತುಮಾಡಿದ ಜಾಗದಲ್ಲಿ ಅಮಲ್ದಾರ ಬಂದು ತಲೆ ಎಣಿಸ್ತಾನೆ, ಅಲ್ಲಿಂದ ಸಂಬಳ ಶುರು. ಕರ್ನಲ್‌ಗೆ ರೆಜಿಮೆಂಟ್ ಅಂದ್ರೆ ಹಾಕಿದ ಬಂಡವಾಳ. ಯುದ್ಧದಲ್ಲಿ ಜನ ಸತ್ತರೆ ಬಂಡವಾಳ ಮುಳುಗ್ತು. ಹಾಗಾಗಿ ಸತ್ತವರ ಹೆಸರು ಪಟ್ಟಿಯಿಂದ ತೆಗೆಯೋದೇ ಇಲ್ಲ. ಎಣಿಕೆ ದಿನ ಅಡುಗೆಯವನಿಗೂ ಮಸ್ಕೆಟ್ ಕೊಟ್ಟು ನಿಲ್ಲಿಸೋದು ಯುರೋಪಿನ ಎಲ್ಲಾ ಸೈನ್ಯಗಳ ಹಳೇ ರೋಗ.

ಸಂಬಳಕ್ಕೆ ದುಡ್ಡು 'ಕಾಂಟ್ರಿಬ್ಯೂಷನ್'ನಿಂದ. ಸೈನಿಕ ಮನೆಗೆ ನುಗ್ಗಿ ಲೂಟಿ ಮಾಡಿದ್ರೆ ಒಂದು ವಾರದಲ್ಲಿ ಊರು ಖಾಲಿ. ಅದರ ಬದಲು ನಗರಸಭೆಗೇ ನಗದು ಕಂದಾಯ ವಿಧಿಸಿ ಕಂತಿನಲ್ಲಿ ವಸೂಲಿ ಮಾಡಿದ್ರೆ ಅದೇ ಊರು ವರ್ಷಗಟ್ಟಲೆ ಕೊಡುತ್ತೆ. ಊರಿನವರು ಸಾಲ ಮಾಡಿಯಾದ್ರೂ ಕೊಡ್ತಾರೆ, ಕೊಡದಿದ್ರೆ ದಂಡು ಬಂದು ಮನೆಯಲ್ಲೇ ಇಳಿಯುತ್ತೆ. ಇದನ್ನ ಇವನು ಕಂಡುಹಿಡಿದಿದ್ದಲ್ಲ, ಆದ್ರೆ ಇಷ್ಟು ದೊಡ್ಡದಾಗಿ ಮಾಡಿದವರು ಅಲ್ಲಿವರೆಗೆ ಯಾರೂ ಇಲ್ಲ.

ಕೆಡೋದು ಎಲ್ಲಿ? ನಾಡು ಬಳಲಿದ ಮೇಲೆ ಕಂತು ನಿಲ್ಲುತ್ತೆ. ಆಗ ಹೊಸ ನಾಡು ಬೇಕು. ಅದನ್ನ ಹಿಡಿಯೋಕೆ ಇನ್ನಷ್ಟು ಸೈನ್ಯ ಬೇಕು, ಆ ಸೈನ್ಯಕ್ಕೆ ಮತ್ತಷ್ಟು ನಾಡು ಬೇಕು. 24,000ದಿಂದ ಶುರುವಾದ ಸೈನ್ಯ 1630ರ ಹೊತ್ತಿಗೆ ಕಾಗದದಲ್ಲಿ ಲಕ್ಷ ದಾಟಿದ್ದು ಹೀಗೆ. ಶತ್ರುವಿಗಿಂತ ಮಿತ್ರರಾಜ್ಯದವರೇ ಹೆಚ್ಚು ಬೈದದ್ದೂ ಹೀಗೆ.

ಕೋಟೆಕೊತ್ತಲ:
ಇದರ ಮೇಲೆ ಒಂದು ಮಾತು. ಅವನ ಸ್ವಂತ ಫ್ರೀಡ್ಲಾಂಟ್ ಡಚಿಯಲ್ಲಿ ದಂಡು ಇಳಿಯುವಂತಿರಲಿಲ್ಲ. ಸುತ್ತಲ ಬೊಹೀಮಿಯಾ ಪಾಳುಬಿದ್ದಾಗ ಅದನ್ನು ಜನ ಲ್ಯಾಟಿನ್‌ನಲ್ಲಿ 'ತೆರ್ರಾ ಫೆಲಿಕ್ಸ್', ಸುಖದ ನಾಡು, ಎಂದರು. ಅಲ್ಲಿ ಹಿಟ್ಟು, ಬಿಯರ್, ಬೂಟು, ಮಸ್ಕೆಟ್‌ನ ಬತ್ತಿ, ಮದ್ದು, ರಾಸ್ಪೆನಾವಾದ ಕುಲುಮೆಯ ಕಬ್ಬಿಣ ಎಲ್ಲ ತಯಾರಾಗಿ ಸೈನ್ಯಕ್ಕೆ ಹೋಗುತ್ತಿತ್ತು. ಡ್ಯೂಕ್ ವಾಲೆನ್‌ಸ್ಟೈನ್ ಮಾರುತ್ತಿದ್ದ, ಸೇನಾಪತಿ ವಾಲೆನ್‌ಸ್ಟೈನ್ ಕೊಳ್ಳುತ್ತಿದ್ದ, ಬಿಲ್ಲು ಚಕ್ರವರ್ತಿಯ ಖಾತೆಗೆ! ಒಬ್ಬ ಸೈನಿಕನಿಗೆ ದಿನಕ್ಕೆ ಒಂದು ಕಿಲೋ ರೊಟ್ಟಿ, ಅರ್ಧ ಕಿಲೋ ಮಾಂಸ, ಒಂದೂವರೆ ಲೀಟರ್ ಬಿಯರ್ ಎಂಬುದು ಆ ಕಾಲದ ಮಾಮೂಲು ಲೆಕ್ಕ. ಐವತ್ತು ಸಾವಿರ ಬಾಯಿಗೆ ದಿನಕ್ಕೆ 50 ಟನ್ ರೊಟ್ಟಿ. ಹಿಂದೆ ಬರುವ ಹೆಂಗಸರು, ಮಕ್ಕಳು, ಗಾಡಿ ಹೊಡೆಯುವವರು ಈ ಲೆಕ್ಕದಲ್ಲಿಲ್ಲ.

ಪ್ರಾಗ್‌ನಲ್ಲಿ ಅರಮನೆಗಾಗಿ 26 ಮನೆ, ಆರು ತೋಟ ಕೊಂಡು ಕೆಡವಿಸಿದ. ಈಗ ಅಲ್ಲಿ ಚೆಕ್ ಸೆನೆಟ್ ಕೂರುತ್ತದೆ. ತೋಟದಲ್ಲಿ ನೋಡುವ ಆಡ್ರಿಯಾನ್ ಡಿ ವ್ರೀಸ್‌ನ ಕಂಚಿನ ವಿಗ್ರಹಗಳು ನಕಲು. ಅಸಲಿಯನ್ನು 1648ರಲ್ಲಿ ಸ್ವೀಡನ್ನಿನವರು ಹೊತ್ತೊಯ್ದರು, ಅಲ್ಲಿನ ಡ್ರಾಟ್ನಿಂಗ್‌ಹೋಮ್ ಅರಮನೆಯಲ್ಲಿವೆ.

ಚಲಾವಣೆ:
ಕಂತು ವಸೂಲಾಗುವವರೆಗೆ ಸೈನಿಕನ ಹೊಟ್ಟೆ ಕಾಯುವುದಿಲ್ಲವಲ್ಲ. ನಡುವಿನ ತಿಂಗಳುಗಳನ್ನು ತುಂಬುತ್ತಿದ್ದವನು ಡಿ ವಿಟ್ಟೆ. ಪ್ರಾಗ್‌ನಲ್ಲಿ ಕೂತು ನ್ಯೂರೆಂಬರ್ಗ್, ಹ್ಯಾಂಬರ್ಗ್, ಆಂಟ್‌ವರ್ಪ್ ವರ್ತಕರ ಮೇಲೆ ಹುಂಡಿ ಬರೆದು ಹಣ ಎತ್ತುತ್ತಿದ್ದ, ಮುಂದೆ ಬರುವ ಕಾಂಟ್ರಿಬ್ಯೂಷನ್‌ನಿಂದ ತೀರಿಸುತ್ತಿದ್ದ. ಹುಂಡಿಯ ಹಿಂದೆ ಇದ್ದ ಆಸ್ತಿ ಒಂದೇ: ವಾಲೆನ್‌ಸ್ಟೈನ್ ಸೇನಾಪತಿಯಾಗಿ ಉಳಿಯುತ್ತಾನೆಂಬ ಭರವಸೆ. 1630ರ ಬೇಸಿಗೆಯಲ್ಲಿ ರೇಗೆನ್ಸ್‌ಬರ್ಗ್‌ನಲ್ಲಿ ಸೇರಿದ ಇಲೆಕ್ಟರ್‌ಗಳು, ಅಂದರೆ ಚಕ್ರವರ್ತಿಯನ್ನು ಆರಿಸುವ ರಾಜರು, ಚಕ್ರವರ್ತಿಯ ಮೇಲೆ ಒತ್ತಡ ಹಾಕಿ ಅವನನ್ನು ತೆಗೆಸಿದರು. ಕಾಂಟ್ರಿಬ್ಯೂಷನ್ ನಿಂತಿತು. ಸೆಪ್ಟೆಂಬರ್ 11ರಂದು ಡಿ ವಿಟ್ಟೆ ತನ್ನ ತೋಟದ ಬಾವಿಗೆ ಬಿದ್ದು ಸತ್ತ.

ನೀಲಿಶಾಯಿ:
ಜಾತಕದ ಕಥೆ ನಿಜವೇ? ಖಗೋಳಜ್ಞ ಕೆಪ್ಲರ್ ಇವನ ಸಾವಿನ ದಿನವನ್ನೇ ಹೇಳಿದ್ದನಂತೆ.

ತಿಥಿವಾರ:
ಇಲ್ಲ, ಹೇಳಿರಲಿಲ್ಲ. 1608ರಲ್ಲಿ ವಾಲೆನ್‌ಸ್ಟೈನ್ ಮಧ್ಯವರ್ತಿಗಳ ಮೂಲಕ ಹೆಸರು ಹೇಳದೆ ಜಾತಕ ಕೇಳಿದ. ಕುಂಭ ಲಗ್ನ, ಲಗ್ನಭಾವದಲ್ಲೇ ಶನಿ ಗುರು ಒಟ್ಟಿಗೆ. ಸಾಯನ ಲೆಕ್ಕ ಇದು, ನಮ್ಮ ನಿರಯಣಕ್ಕೆ ಹೋಲಿಸಬೇಡಿ. 33ನೇ ವಯಸ್ಸಿನಲ್ಲಿ ಸಾಹುಕಾರ ವಿಧವೆ ಸಿಗಬಹುದು ಎಂದಿತ್ತು. ಮದುವೆ 1609ರಲ್ಲೇ ಆಯಿತೆಂದು ವಾಲೆನ್‌ಸ್ಟೈನ್ ಅಂಚಿನಲ್ಲಿ ಬರೆದ. ಹೀಗೆ ಹಿಂದುಮುಂದಾದ ಘಟನೆಗಳನ್ನು ಪಟ್ಟಿ ಮಾಡಿ, ಹುಟ್ಟಿದ ಗಳಿಗೆ ತಿದ್ದಿ ಮತ್ತೆ ಗುಣಿಸಿಕೊಡಿ ಎಂದು ಕೇಳಿಸಿದ. ಕೆಪ್ಲರ್ 1625ರಲ್ಲಿ ಬರೆದುಕೊಟ್ಟ ಎರಡನೆಯದರ ವರ್ಷಫಲ 1634ರ ಮಾರ್ಚ್‌ಗೆ ನಿಲ್ಲುತ್ತದೆ. ಕೊಲೆ ಆದದ್ದು ಫೆಬ್ರವರಿ 25. ನಿಂತ ಲೆಕ್ಕವನ್ನು ಆಮೇಲೆ ಜನ ಭವಿಷ್ಯವಾಣಿ ಮಾಡಿಕೊಂಡರು.

ಕೆಪ್ಲರ್‌ಗೆ ಚಕ್ರವರ್ತಿಯಿಂದ ಸುಮಾರು 12,000 ಗುಲ್ಡೆನ್ ಸಂಬಳ ಬಾಕಿ ಇತ್ತು. 1628ರಲ್ಲಿ ಅದನ್ನೂ ವಾಲೆನ್‌ಸ್ಟೈನ್ ತಲೆಗೆ ಕಟ್ಟಿ, ಕೆಪ್ಲರ್‌ನನ್ನು ಅವನ ಇನ್ನೊಂದು ಡಚಿಯಾದ ಸಾಗಾನ್‌ಗೆ ಕಳಿಸಿದರು. ಪೂರ್ತಿ ವಸೂಲಾಗಲಿಲ್ಲ.

ಮದ್ದುಗುಂಡು:
1631ರ ಸೆಪ್ಟೆಂಬರಿನಲ್ಲಿ ಬ್ರೈಟೆನ್‌ಫೆಲ್ಡ್‌ನಲ್ಲಿ ಚಕ್ರವರ್ತಿ ಕಡೆಯ ಸೇನಾನಿ ಟಿಲ್ಲಿ ಸ್ವೀಡನ್ನಿನವರಿಗೆ ಸೋತ ಮೇಲೆ ಚಕ್ರವರ್ತಿ ಮತ್ತೆ ಇವನ ಬಾಗಿಲಿಗೇ ಬಂದ. ಎರಡನೇ ಸರದೀಲಿ ಅವನ ತಂತ್ರ ಏನು ಅನ್ನೋದು ನ್ಯೂರೆಂಬರ್ಗ್ ಹತ್ತಿರದ ಆಲ್ಟೆ ಫೆಸ್ಟೆಯಲ್ಲಿ ಗೊತ್ತಾಗುತ್ತೆ. ಸ್ವೀಡನ್ ರಾಜ ಗುಸ್ತಾವ್ ಅಡಾಲ್ಫ್ ನಗರದ ಸುತ್ತ ಕಂದಕ ತೋಡಿ ಕೂತ. ಇವನು ಹೊಡೆಯೋಕೆ ಹೋಗಲೇ ಇಲ್ಲ. ಪಶ್ಚಿಮಕ್ಕೆ ಸುಮಾರು 16 ಕಿ.ಮೀ. ಸುತ್ತಳತೆಯ ಬಿಡಾರ ಹಾಕಿ, ಮರ ಕಡಿಸಿ, ದಾರಿಗಳಿಗೆಲ್ಲ ಸವಾರರನ್ನ ಬಿಟ್ಟು ಮೇವು ತಡೆದ. ಮೊದಲು ಸಾಯೋದು ಕುದುರೆ. ಕುದುರೆ ಸತ್ತರೆ ಮೇವು ತರೋರಿಲ್ಲ, ತೋಪು ಎಳೆಯೋರಿಲ್ಲ. ಸೆಪ್ಟೆಂಬರ್ 3ಕ್ಕೆ ರಾಜ ತಡೆಯಲಾರದೆ ಗುಡ್ಡ ಹತ್ತಿಸಿದ. ದಟ್ಟ ಕಾಡು, ಕಡಿದ ಮರಗಳ ಅಡ್ಡಗಟ್ಟೆ, ಮಳೆ ಬೇರೆ. ಭಾರೀ ತೋಪು ಮೇಲೇರಲಿಲ್ಲ. ಸುಮಾರು 1,000 ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಗಾಯಗೊಂಡರು.

ಆದ್ರೆ ಅದೇ ಹೊಟ್ಟೆಪಾಡು ಲ್ಯೂಟ್ಸೆನ್‌ನಲ್ಲಿ ಇವನಿಗೇ ತಿರುಗಿತು. ಚಳಿಗಾಲ ಬಂತು, ಒಂದೇ ಕಡೆ ಅಷ್ಟು ಜನಕ್ಕೆ ಊಟ ಇಲ್ಲ ಅಂತ ದಂಡನ್ನ ಚದುರಿಸಿ ತನ್ನ ಸೇನಾನಿ ಪಾಪೆನ್‌ಹೈಮ್‌ನನ್ನ ಹಾಲೆ ಊರಿಗೆ ಕಳಿಸಿದ. ಸ್ವೀಡನ್ ರಾಜ ಅದನ್ನೇ ಕಾಯ್ತಾ ಇದ್ದ. ರಿಪ್ಪಾಖ್ ಹಳ್ಳ ದಾಟೋ ಕಡೆ ಕೊಲೊರೆಡೊ ಸಣ್ಣ ತುಕಡಿ ಇಟ್ಕೊಂಡು ಒಂದು ಮಧ್ಯಾಹ್ನ ತಡೆದಿದ್ದಕ್ಕೆ ಒಂದು ರಾತ್ರಿ ಸಿಕ್ತು. ರಸ್ತೆ ಪಕ್ಕದ ಚರಂಡೀನ ಆಳ ಮಾಡಿಸಿ ಮಸ್ಕೆಟ್ ದಾರರನ್ನ ಕೂರಿಸಿದ. ಪಾಪೆನ್‌ಹೈಮ್‌ಗೆ ಎಲ್ಲಾ ಬಿಟ್ಟು ಬಾ ಅಂತ ಬರೆದ ಚೀಟಿ, ಅವನ ರಕ್ತದ ಕಲೆ ಸಮೇತ, ಈಗಲೂ ವಿಯೆನ್ನಾದ ಸೇನಾ ಮ್ಯೂಸಿಯಂನಲ್ಲಿದೆ. ರಾಜ ಸತ್ತ, ಪಾಪೆನ್‌ಹೈಮ್ ಸತ್ತ, ಇವನು ರಾತ್ರಿ ತೋಪು ಬಿಟ್ಟು ಹಿಂದೆ ಸರಿದ. 2011ರಲ್ಲಿ ಅಲ್ಲಿ ಅಗೆದಾಗ ಒಂದೇ ಗುಂಡೀಲಿ 47 ಹೆಣ ಸಿಕ್ಕಿದವು.

1633ರ ಫೆಬ್ರವರಿ 14ಕ್ಕೆ, ಓಡಿಹೋದ ಅಧಿಕಾರಿಗಳ ತಲೆ ಕಡಿಸಿದ. ಅದೂ ಪ್ರಾಗ್‌ನ ಅದೇ ಹಳೇ ಪೇಟೆ ಚೌಕದಲ್ಲಿ. ನನ್ನ ಲೆಕ್ಕದಲ್ಲಿ ಅವನ ಅಂತ್ಯ ಶುರುವಾಗಿದ್ದು ಆ ದಿನ.

ಚಲಾವಣೆ:
ನಾನು ಒಪ್ಪುವುದಿಲ್ಲ. ಅಧಿಕಾರಿಗಳು ಭಯಕ್ಕೆ ಬಿಟ್ಟುಹೋಗಲಿಲ್ಲ, ಬಾಕಿಗೆ ಬಿಟ್ಟುಹೋದರು. 1634ರ ಜನವರಿ 12ರಂದು ಪಿಲ್ಸೆನ್‌ನಲ್ಲಿ ಸುಮಾರು 50 ಮಂದಿ "ಸೇನಾಪತಿಯ ಜೊತೆಗಿರುತ್ತೇವೆ" ಎಂದು ಸಹಿ ಹಾಕಿದ್ದರಲ್ಲ, ಯಾಕೆ? ಅವನು ರಾಜೀನಾಮೆ ಕೊಟ್ಟರೆ ತಾವು ರೆಜಿಮೆಂಟಿಗೆ ಹಾಕಿದ ದುಡ್ಡು ಕೊಡುವವರಾರು ಎಂಬ ಚಿಂತೆ. ಜನವರಿ 24ರ ಗುಟ್ಟಿನ ಆಜ್ಞೆಯಲ್ಲಿ ಚಕ್ರವರ್ತಿ ಅವನನ್ನು ಸೇನಾಪತಿ ಪಟ್ಟದಿಂದ ತೆಗೆದು, ಅವನ ಆಪ್ತ ಅಧಿಕಾರಿಗಳಾದ ಇಲೋ ಮತ್ತು ಟ್ರ್ಚ್ಕಾ ಇಬ್ಬರನ್ನು ಬಿಟ್ಟು ಸಹಿ ಹಾಕಿದವರಿಗೆಲ್ಲ ಕ್ಷಮೆ ಕೊಟ್ಟ. ಇನ್ನು ದುಡ್ಡು ಬರಬೇಕಾದದ್ದು ವಿಯೆನ್ನಾದಿಂದ ಎಂದಾದ ಮೇಲೆ ಪಿಲ್ಸೆನ್‌ನಲ್ಲಿ ನಿಲ್ಲಲು ಕಾರಣವೇನು? ಅವನ ಸೇನಾನಿಗಳಾದ ಗಲ್ಲಾಸ್, ಆಲ್ಡ್ರಿಂಗೆನ್, ಪಿಕ್ಕೊಲೊಮಿನಿ ಒಬ್ಬೊಬ್ಬರಾಗಿ ಜಾರಿದರು.

ಮದ್ದುಗುಂಡು:
ಸರಿ ಸರ್, ಈ ಒಂದು ಸಲ ನೀವೇ ಗೆದ್ರಿ.

ವಂಶಾವಳಿ:
ಫೆಬ್ರವರಿ 24ರಂದು ಅವನು ಗಡಿಯ ಎಗರ್‌ಗೆ, ಚೆಕ್‌ನವರ ಖೆಬ್‌ಗೆ, ಪಲ್ಲಕ್ಕಿಯಲ್ಲಿ ಬಂದ. ಸಂಧಿವಾತದಿಂದ ಕುದುರೆ ಏರಲಾಗುತ್ತಿರಲಿಲ್ಲ. 25ರ ಸಂಜೆ ಕೋಟೆಯಲ್ಲಿ ಊಟಕ್ಕೆ ಕರೆದವರು ಐರಿಷ್ ಕರ್ನಲ್ ಬಟ್ಲರ್, ಸ್ಕಾಟ್‌ಲೆಂಡಿನ ಗಾರ್ಡನ್ ಮತ್ತು ಲೆಸ್ಲಿ. ಊಟದ ಮನೆಯಲ್ಲೇ ಟ್ರ್ಚ್ಕಾ, ಕಿನ್ಸ್ಕಿ, ಇಲೋ, ಕ್ಯಾಪ್ಟನ್ ನಾಯ್‌ಮಾನ್ ಸತ್ತರು. ಆಮೇಲೆ ಪೇಟೆಚೌಕದ ಪಾಖೆಲ್‌ಬೆಲ್ ಮನೆಗೆ ನುಗ್ಗಿ ಕ್ಯಾಪ್ಟನ್ ಡೆವರೂ ಈಟಿಯಿಂದ ಅವನ ಎದೆಗೆ ತಿವಿದ. ಆ ಮನೆ ಈಗ ಊರಿನ ಮ್ಯೂಸಿಯಂ.

ಹಂಚಿಕೆ ನೋಡಿ: ಫ್ರೀಡ್ಲಾಂಟ್, ಲಿಬೆರೆಟ್ಸ್ ಗಲ್ಲಾಸ್‌ಗೆ. ಟ್ರ್ಚ್ಕಾರ ನಾಖೋದ್ ಪಿಕ್ಕೊಲೊಮಿನಿಗೆ, ಒಪೊಚ್ನೊ ಕೊಲೊರೆಡೊಗೆ. ಕಿನ್ಸ್ಕಿಯ ಟೆಪ್ಲಿಟ್ಸೆ ಆಲ್ಡ್ರಿಂಗೆನ್‌ಗೆ. ಬಟ್ಲರ್‌ಗೆ ದೋಕ್ಸಿ. ಹದಿಮೂರು ವರ್ಷದ ಹಿಂದೆ ಮುಟ್ಟುಗೋಲಿನಿಂದ ಬಂದದ್ದು ಮುಟ್ಟುಗೋಲಿನಲ್ಲೇ ಹೋಯಿತು, ಸೈನ್ಯದ ಬಾಕಿಗೆ ವಜಾ ಆಯಿತು.

ಅಡಿಕೆಮರ:
ಹೆಂಡತಿ, ಮಕ್ಕಳು?

ವಂಶಾವಳಿ:
ಮಗ ಆಲ್ಬ್ರೆಖ್ಟ್ ಕಾರ್ಲ್ 1627ರ ನವೆಂಬರಿನಲ್ಲಿ ಹುಟ್ಟಿ ಜನವರಿಯಲ್ಲೇ ಹೋದ. ಮಗಳು ಮರಿಯಾ ಎಲಿಸಬೆತ್ ಉಳಿದಳು. ಇಸಾಬೆಲ್ಲಾ ಅರ್ಜಿ ಮೇಲೆ ಅರ್ಜಿ ಬರೆದು ಕೊನೆಗೆ ಚೆಸ್ಕಾ ಲೀಪಾ ಬಳಿಯ ನೊವೀ ಜಾಮೆಕ್ ಜಹಗೀರನ್ನು ಬಿಡಿಸಿಕೊಂಡಳು, 1655ರಲ್ಲಿ ತೀರಿಕೊಂಡಳು. ಮಗಳು ಕೌನಿಟ್ಸ್ ಮನೆತನದ ರುಡಾಲ್ಫ್‌ನನ್ನು ಮದುವೆಯಾದಳು, ಆಸ್ತಿ ಆ ಮನೆಗೆ ಸೇರಿತು.

ನೀಲಿಶಾಯಿ:
ಅವನ ಸಮಾಧಿ ಮ್ನಿಖೊವೊ ಹ್ರಾದಿಶ್ಟೆಯಲ್ಲಿ ಇದೆಯಲ್ಲ. ಅದು ಅವನ ರಾಜಧಾನಿಯೂ ಅಲ್ಲ, ಸತ್ತ ಊರೂ ಅಲ್ಲ. ಅಲ್ಲಿಗೆ ಹೇಗೆ ಹೋಯಿತು?

ಕೋಟೆಕೊತ್ತಲ:
ಹೆಣ ಮೊದಲು ಸ್ಟ್ರ್ಝೀಬ್ರೊದಲ್ಲಿತ್ತು. 1636ರಲ್ಲಿ ಅವನೇ ಕಟ್ಟಿಸಿದ್ದ, ಯಿಚೀನ್ ಹತ್ತಿರದ ವಾಲ್ಡಿತ್ಸೆ ಕಾರ್ತೂಸಿಯನ್ ಮಠಕ್ಕೆ ತಂದು, ಮೊದಲ ಹೆಂಡತಿ ಲುಕ್ರೇಟ್ಸಿಯಾಳ ಪಕ್ಕ ಇಟ್ಟರು. 1782ರಲ್ಲಿ ಎರಡನೇ ಜೋಸೆಫ್ ಆ ಮಠ ಮುಚ್ಚಿಸಿದ. ಆ ಕಟ್ಟಡ ಮುಂದೆ ಸೆರೆಮನೆಯಾಯಿತು, ಇಂದಿಗೂ ಸೆರೆಮನೆಯೇ. 1785ರಲ್ಲಿ ಎಲುಬುಗಳನ್ನು ಮ್ನಿಖೊವೊ ಹ್ರಾದಿಶ್ಟೆಗೆ ಸಾಗಿಸಿದರು. ಆ ಜಹಗೀರು ಮೊದಲು ಆಲ್ಬ್ರೆಖ್ಟ್‌ನ ಕೈಯಲ್ಲೇ ಇತ್ತು, ಬದುಕಿದ್ದಾಗಲೇ ದಾಯಾದಿ ಮ್ಯಾಕ್ಸಿಮಿಲಿಯನ್‌ಗೆ ಮಾರಿದ್ದ. ಮಾರಿಯಾಗಿತ್ತಾದ್ದರಿಂದ 1634ರ ಮುಟ್ಟುಗೋಲು ಅದನ್ನು ಮುಟ್ಟಲಿಲ್ಲ.